ಶಾಲಿನ ಕೆಳಗೆ ಒಂದು ಕಂಟೈನರ್

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟ ವಾರ. ಬುಧವಾರ, ಬೆಳಗ್ಗೆ ಆರೂಕಾಲು. ಯಲಹಂಕ ಹಳೇ ಊರಿನ ಬೀದಿಯಲ್ಲಿ ಮಂಜು ಇನ್ನೂ ಬಿಟ್ಟಿರಲಿಲ್ಲ. ಆ ವರ್ಷದ ಮೊದಲ ಅವರೆಕಾಯಿ ಬಂದಿತ್ತು. ದೊಡ್ಡ ಈರುಳ್ಳಿ ಮಾತ್ರ ಮಳೆಗೆ ಹೊಲದಲ್ಲೇ ಕೊಳೆತು, ಅಂಗಡಿಯಲ್ಲಿ ಕಿಲೋಗೆ ಎಪ್ಪತ್ತು ರೂಪಾಯಿ ದಾಟಿ ಕೂತಿತ್ತು. ಮುನಿಆಂಜಿನಪ್ಪ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಾಗ ಫೋನು ಬಡಿದುಕೊಂಡಿತು. ಅದನ್ನು ಎತ್ತದೆ ಸುಮ್ಮನೆ ಕಾಯಿ ಬಿಡಿಸಿಕೊಂಡಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಫೋನು ಮಾಡಿದವನು ಯೋಗಾನಂದ. ಈರುಳ್ಳಿ ಬೆಳೆಗಾರರ ರಫ್ತು ಸಂಘದ ಅಧ್ಯಕ್ಷ.

"ಆಂಜಿನಪ್ಪನೋರೇ, ಇವತ್ತು ಹೆಬ್ಬಾಳದಲ್ಲಿ ನಮ್ಮ ರಫ್ತು ಮೇಳದ ಕೊನೇ ದಿನ. ಮೂರು ಖಂಡದಿಂದ ಜನ ಬಂದಿದ್ದಾರೆ. ಹಿರಿಯ ದಲ್ಲಾಳಿ ಒಬ್ಬರಿಗೆ ಸನ್ಮಾನ ಅಂತ ಕಾರ್ಡಲ್ಲಿ ಹಾಕಿಸಿದ್ವಿ. ಅವರು ನೋಡಿದ್ರೆ ಮೊಮ್ಮಗಳ ನಾಮಕರಣ ಅಂತ ಹಿಂದೂಪುರಕ್ಕೆ ಹೋಗ್ಬಿಟ್ಟಿದ್ದಾರೆ. ನೀವು ಬರ್ಬೇಕು."

"ಅವರಿಗೇಂತ ಇಟ್ಟಿದ್ದು ನಂಗ್ಯಾಕಪ್ಪಾ?"

"ಶಾಲು ತಂದಾಗಿದೆ. ಹಾರ ಬಂದಿದೆ. ಪೇಟ ಬಾಡಿಗೆಗೆ ತಂದಿದೀವಿ. ಇನ್ನೇನಿದ್ರೂ ಹೊದಿಸೋಕೆ ಒಂದು ಮೈ ಬೇಕು, ಅಷ್ಟೆ."

ಇಂಥ ಕರೆಗೆ ಬೇರೆ ಯಾರಾದರೂ ಮುನಿಸಿಕೊಳ್ಳುತ್ತಿದ್ದರು. ಮುನಿಆಂಜಿನಪ್ಪ ಮುನಿಸಿಕೊಳ್ಳಲಿಲ್ಲ. ಯಶವಂತಪುರದ ಯಾರ್ಡಿನಲ್ಲಿ ನಲವತ್ತೊಂದು ವರ್ಷ ಈರುಳ್ಳಿ ದಲ್ಲಾಳಿಯಾಗಿದ್ದವನು ಅವನು. ಆಗ ವ್ಯಾಪಾರ ಬಾಯಲ್ಲಿ ನಡೆಯುತ್ತಿರಲಿಲ್ಲ, ಟವೆಲ್ಲಿನ ಕೆಳಗೆ ನಡೆಯುತ್ತಿತ್ತು. ಕೊಳ್ಳುವವನ ಕೈ, ಮಾರುವವನ ಕೈ ಟವೆಲ್ಲಿನ ಮರೆಯಲ್ಲಿ ಸೇರಬೇಕು. ಹೆಬ್ಬೆರಳು ಒತ್ತಿದರೆ ಒಂದು ಲೋಡು. ಮೂರು ಬೆರಳು ಹಿಡಿದರೆ ಮೂವತ್ತು. ಬಿಟ್ಟು ಮತ್ತೆ ಎರಡು ಹಿಡಿದರೆ ಮೇಲೆ ಎರಡು ರೂಪಾಯಿ. ಅಂಗೈಗೆ ಅಂಗೈ ತಟ್ಟಿದರೆ ಮುಗಿಯಿತು, ಬ್ರಹ್ಮ ಬಂದರೂ ಬದಲಾಗದು. ಸುತ್ತ ನೂರು ಜನ ನಿಂತಿದ್ದರೂ ಒಳಗೆ ಏನು ನಡೆಯಿತೆಂದು ಇಬ್ಬರಿಗಷ್ಟೇ ಗೊತ್ತು. ಮಾಲು ತೂಕವಾಗುವ ತನಕ ಬೆಲೆಯನ್ನು ಹೊರಗಿನವರಿಗೆ ಹೇಳುವಂತಿಲ್ಲ.

ಆ ನಲವತ್ತೊಂದು ವರ್ಷದಲ್ಲಿ ಮುನಿಆಂಜಿನಪ್ಪ ಕೊಟ್ಟ ಕೈಯನ್ನು ಒಮ್ಮೆಯೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಲಕ್ಷಾಧಿಪತಿಗಳು ಕಾಗದಕ್ಕೆ ರುಜು ಹಾಕಿ ಮಾತು ತಪ್ಪಿದ್ದುಂಟು, ಆಂಜಿನಪ್ಪನ ಕೈ ತಪ್ಪಿದ್ದಿಲ್ಲ ಎಂದು ಹಮಾಲರೂ ಹೇಳುತ್ತಿದ್ದರು. ಆಮೇಲೆ ಕಂಪ್ಯೂಟರ್ ಹರಾಜು ಬಂತು. ಆ ಕೈಗೆ ಅವರೆಕಾಯಿ ಬಿಡಿಸುವುದನ್ನು ಬಿಟ್ಟು ಬೇರೆ ಕೆಲಸ ಉಳಿಯಲಿಲ್ಲ.

"ಬತ್ತೀನಿ," ಎಂದ.

ಹೆಂಡತಿ ಮುನಿಗಂಗಮ್ಮ ಒಳಗಿಂದಲೇ ಕೇಳಿಸಿಕೊಂಡಿದ್ದಳು. "ಓಗೋದಾದ್ರೆ ಆ ತೂತಿನ ಬನೀನು ಬಿಚ್ಚಾಕಿ ಓಗಿ. ಶಾಲು ಒದಿಸೋರು ಒಳಗೆ ಏನೈತೆ ಅಂತ ನೋಡಿಬಿಟ್ಟಾರು."

ಪಕ್ಕದ ಮನೆಯ ಪದ್ಮಶ್ರೀ ಕಾಂಪೌಂಡಿನ ಆಚೆ ಗಿಡಕ್ಕೆ ನೀರು ಹಾಕುತ್ತಿದ್ದಳು. ಬೀದಿಯ ವಾಟ್ಸಾಪ್ ಗುಂಪಿಗೆ ಅವಳೇ ಯಜಮಾನಿ. ಅವಳ ಕಿವಿಗೆ ಬಿದ್ದ ಸುದ್ದಿ ಗುಂಪಿಗೆ ಹೋಗುವಷ್ಟರಲ್ಲಿ ಹಿಟ್ಟಿನ ಹಾಗೆ ಉಬ್ಬುತ್ತಿತ್ತು. ಮುನಿಆಂಜಿನಪ್ಪ ಸ್ನಾನ ಮುಗಿಸಿ ಬರುವಾಗ ಮೂವತ್ತೆರಡು ಮನೆಯವರು ಓದಿ ಆಗಿತ್ತು: 'ನಮ್ಮ ಬೀದಿಯ ಹೆಮ್ಮೆ, ಶ್ರೀ ಮುನಿಆಂಜಿನಪ್ಪನವರಿಗೆ ಇಂದು ಮೂರು ಖಂಡಗಳಿಂದ ಸನ್ಮಾನ.'

ಹೆಬ್ಬಾಳದ ಕಲ್ಯಾಣ ಮಂಟಪದಲ್ಲಿ ಹನ್ನೊಂದಕ್ಕೆ ಸಭೆ. ವೇದಿಕೆಯ ನಡುವೆ ಮೇಜು, ಮೇಜಿನ ಮೇಲೆ ಒಂದು ಬುಟ್ಟಿ ಗುಲಾಬಿ ಈರುಳ್ಳಿ. ನಮ್ಮ ಕಡೆಯ ಈ ಈರುಳ್ಳಿ ಗೋಲಿಗಿಂತ ಸ್ವಲ್ಪ ದಪ್ಪ. ಬಣ್ಣ ಮದುವಣಗಿತ್ತಿಯ ಸೀರೆಯ ಹಾಗೆ, ಘಾಟು ಅತ್ತೆಯ ಬಾಯಿಯ ಹಾಗೆ. ಬೆಳೆಯುವವರು ನಾವು, ತಿನ್ನುವವರು ಮಲೇಷ್ಯಾ, ಸಿಂಗಪುರದವರು. ಇಲ್ಲಿ ಯಾವ ಮನೆಯ ಸಾರಿಗೂ ಇದು ಬೀಳುವುದಿಲ್ಲ.

ಮೇಳ ಶುರುವಾಗಿ ಮೂರು ದಿನ ಆಗಿತ್ತು. ಬಣ್ಣದ ಫೈಲು, ಕೆತ್ತನೆಯ ಪೆನ್ನು, ಎರಡು ಹೊತ್ತು ಊಟ, ಎಲ್ಲ ಧಾರಾಳವಾಗಿ ನಡೆದಿತ್ತು. ಯಾರೂ ಯಾರ ಜೊತೆಗೂ ಒಂದು ಮೂಟೆಯ ವ್ಯಾಪಾರವನ್ನೂ ಮಾಡಿರಲಿಲ್ಲ. ಯೂರೋಪಿನಿಂದ ಬಂದ ಹೆಂಗಸು ಔಷಧಿ ಹೊಡೆದದ್ದನ್ನು ಕಳಿಸಬೇಡಿ ಎಂದು ಇಪ್ಪತ್ತು ನಿಮಿಷ ಹೇಳಿದಳು. ಮಲೇಷ್ಯಾದವನು, ನೀವು ಒಂದು ವರ್ಷ ರಫ್ತಿನ ಬಾಗಿಲು ತೆಗೀತೀರಿ, ಒಂದು ವರ್ಷ ಮುಚ್ಚುತ್ತೀರಿ, ನಮ್ಮ ಅಡುಗೆಮನೆ ನಿಮ್ಮ ಬಾಗಿಲು ನೋಡಿಕೊಂಡು ಎಷ್ಟು ದಿನ ಕೂರಬೇಕು ಎಂದು ನಗುತ್ತಲೇ ಕೇಳಿದ. ದೊಡ್ಡ ಅಧಿಕಾರಿಯೊಬ್ಬರು ಇಬ್ಬರಿಗೂ ಸೇರಿಸಿ, ಪರಿಶೀಲಿಸುತ್ತೇವೆ ಎಂದರು.

ಆಮೇಲೆ ಯೋಗಾನಂದ ಮೈಕು ಹಿಡಿದ. "ಇದು ಜಾಗತೀಕರಣದ ಕಾಲ. ಮುಂಚೆ ಒಬ್ಬ ಗೆದ್ದರೆ ಇನ್ನೊಬ್ಬ ಸೋಲ್ತಿದ್ದ. ಈಗ ಹಾಗಿಲ್ಲ. ಕೊಳ್ಳೋನೂ ಗೆಲ್ತಾನೆ, ಮಾರೋನೂ ಗೆಲ್ತಾನೆ."

ಇದು ಹೇಗೆ ಸಾಧ್ಯ ಎಂದು ಮುನಿಆಂಜಿನಪ್ಪ ಯೋಚಿಸುತ್ತಿರುವಾಗಲೇ ಅವನ ಹೆಸರು ಕರೆದರು.

ಶಾಲು ಹೊದಿಸಲು ಎದ್ದವರು ಈಜಿಪ್ಟಿನ ಶಾಬಾನ್ ಸಾಹೇಬರು. ಅರವತ್ತರ ಆಸುಪಾಸು, ದಪ್ಪ ಮೀಸೆ, ಧಾನ್ಯದ ಕಣಜದಂಥ ಮೈ. ಮೂರು ದಿನದಿಂದ ಒಂದೂ ಮಾತಾಡದೆ ಕೂತಿದ್ದವರು. ಶಾಲು ಜಾರುವ ಜಾತಿಯದು. ಹೊದಿಸಿದ ಮೇಲೆ ಅವರು ಮುನಿಆಂಜಿನಪ್ಪನ ಬಲಗೈ ಹಿಡಿದು ಕುಲುಕಿದರು. ಶಾಲು ಭುಜದಿಂದ ಜಾರಿ ಇಬ್ಬರ ಕೈಯ ಮೇಲೂ ಬಿತ್ತು.

ಕತ್ತಲಾಯಿತು. ಹೊರಗೆ ಅಲ್ಲ, ಶಾಲಿನ ಕೆಳಗೆ. ಆ ಕತ್ತಲೆ ಮುನಿಆಂಜಿನಪ್ಪನ ಕೈಗೆ ತವರುಮನೆ ಇದ್ದಂತೆ. ಬೆರಳುಗಳು ತಾವಾಗಿಯೇ ಎಚ್ಚರಗೊಂಡು, ಕುಲುಕುತ್ತಿದ್ದ ಕೈಯನ್ನು ಸಣ್ಣಗೆ ಒಮ್ಮೆ ತಡವಿದವು. ಕುಲುಕು ನಿಂತಿತು. ಶಾಬಾನ್ ಸಾಹೇಬರು ಅವನ ಮುಖವನ್ನೇ ನೋಡಿದರು. ಕಣ್ಣು ಅರಳಿತು. ಗಲ್ಲವನ್ನು ಮೇಜಿನ ಮೇಲಿದ್ದ ಈರುಳ್ಳಿ ಬುಟ್ಟಿಯ ಕಡೆ ಚಾಚಿದರು. ಶಾಲಿನ ಒಳಗೆ ಅವರ ಹೆಬ್ಬೆರಳು ಒತ್ತಿತು. ಒಂದು ಲೋಡು. ಆಮೇಲೆ ಮೂರು ಬೆರಳು ಹಿಡಿದರು. ಮೂವತ್ತು.

ಮುನಿಆಂಜಿನಪ್ಪನ ಲೆಕ್ಕ ಓಡತೊಡಗಿತು. ಸಮುದ್ರದ ಆಚೆಯಿಂದ ಬಂದವನಿಗೆ ಟವೆಲ್ ವ್ಯಾಪಾರ ಗೊತ್ತು. ಮಾಲೂ ಹೊಂದಿಸಬಹುದು. ಹೆಂಡತಿಯ ತಮ್ಮ ಅಶ್ವತ್ಥನ ಶೆಡ್ಡಿನಲ್ಲಿ, ರಾಜಾನುಕುಂಟೆಯಲ್ಲಿ, ಹದಿನೈದು ಟನ್ ಗುಲಾಬಿ ಈರುಳ್ಳಿ ಒಣಗಿ ಕೂತಿದೆ. ಅವನು ಮೂರು ಬೆರಳು ಹಿಡಿದು, ಬಿಟ್ಟು, ಎರಡು ಹಿಡಿದ. ಮೂವತ್ತೆರಡು.

ಈಗ ಕೊಳ್ಳುವವನು ಮೂವತ್ತೊಂದು ಅನ್ನಬೇಕು. ಅದು ಲೋಕದ ರೂಢಿ. ಶಾಬಾನ್ ಸಾಹೇಬರು ಮೂರು ಹಿಡಿದು ನಾಲ್ಕು ಹಿಡಿದರು.

ಮೂವತ್ತನಾಲ್ಕು.

ಮುನಿಆಂಜಿನಪ್ಪ ತಬ್ಬಿಬ್ಬಾದ. ನಲವತ್ತೊಂದು ವರ್ಷದಲ್ಲಿ ಕೊಳ್ಳುವವನು ತಾನೇ ಬೆಲೆ ಏರಿಸಿದ್ದನ್ನು ಅವನು ಕಂಡಿರಲಿಲ್ಲ. ಯೋಗಾನಂದನ ಮಾತು ನೆನಪಾಯಿತು. ಇಬ್ಬರೂ ಗೆಲ್ಲುವುದು ಅಂದರೆ ಇದೇ ಇರಬೇಕು. ನೋಡೇ ಬಿಡೋಣ ಎಂದು ಮೂರು ಹಿಡಿದು ಪೂರ್ತಿ ಐದೂ ಹಿಡಿದ. ಮೂವತ್ತೈದು.

ಸಾಹೇಬರ ಮೀಸೆ ನಡುಗಿತು. ಇವನು ಕೈ ಎಳೆದುಕೊಂಡುಬಿಟ್ಟಾನು ಅನ್ನುವ ಅವಸರದಲ್ಲಿ ಅಂಗೈಗೆ ಅಂಗೈ ತಟ್ಟಿದರು. ಶಾಲಿನೊಳಗಿಂದ ಪಟಾಕಿಯಂಥ ಶಬ್ದ ಬಂತು.

ಒಂದೂವರೆ ನಿಮಿಷ ಬಿಡದೆ ಕೈ ಹಿಡಿದು ನಿಂತ ಇಬ್ಬರು ಮುದುಕರನ್ನು ನೋಡಿ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಯೋಗಾನಂದ ಕಣ್ಣೊರೆಸಿಕೊಂಡು, "ಭಾಷೆ ಗೊತ್ತಿಲ್ದೆ ಇದ್ರೂ ಪ್ರೀತಿ ನೋಡಿ," ಎಂದು ಮೈಕಿನಲ್ಲಿ ಹೇಳಿದ.

ಮುನಿಆಂಜಿನಪ್ಪ ಯಾರಿಗೂ ಏನೂ ಹೇಳಲಿಲ್ಲ. ಮಾಲು ತೂಕವಾಗುವ ತನಕ ಹೇಳುವಂತಿಲ್ಲ. ಮಾಲಿನ ಯಜಮಾನನಿಗೆ ಮಾತ್ರ ಹೇಳಬಹುದು. ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡೇ ಅಶ್ವತ್ಥನಿಗೆ ಫೋನು ಮಾಡಿದ.

"ಅಶ್ವತ್ಥ, ನಿನ್ನ ಮಾಲು ಕೊಟ್ಟಿದೀನಿ ಕಣೋ. ಮೂವತ್ತೈದಕ್ಕೆ. ಕೈ ಆಗೈತೆ."

"ಭಾವ, ಬೆಳಗ್ಗೆನೇ ಚೆನ್ನೈ ಪಾರ್ಟಿಗೆ ಇಪ್ಪತ್ತೊಂಬತ್ತಕ್ಕೆ ಒಪ್ಪಿಸ್ಬಿಟ್ಟೆ. ಲಾರಿ ಓಗಿ ಒಂದು ಗಂಟೆ ಆಯ್ತು. ನಾನೂ ಅದರಿಂದೇನೇ ಕಾರಲ್ಲಿ ಒಂಟಿದೀನಿ. ಈಗ ಎಬ್ಬಾಳದ ಫ್ಲೈಓವರ್ ಮೇಲವ್ನಿ."

ಮುನಿಆಂಜಿನಪ್ಪ ತಟ್ಟೆ ಕೆಳಗಿಟ್ಟ. ಹೋಳಿಗೆಯ ಮೇಲೆ ತುಪ್ಪ ಬಿಟ್ಟಾಗಿತ್ತು. ತುಪ್ಪ ಬಿಟ್ಟ ಹೋಳಿಗೆಯನ್ನು ಬಿಟ್ಟು ಎದ್ದದ್ದು ಅವನ ಆಯುಸ್ಸಿನಲ್ಲಿ ಅದೇ ಮೊದಲು.

ಅಶ್ವತ್ಥ ಮಂಟಪದ ಬಾಗಿಲಿಗೆ ಬಂದು ಹತ್ತಿಸಿಕೊಂಡ. ಭಾವ ಪೇಟ ಕಟ್ಟಿಕೊಂಡೇ ಇದ್ದ, ಕೊರಳಲ್ಲಿ ಹಾರವೂ ಇತ್ತು. ಪಕ್ಕದ ಕಾರಿನವರು ಮದುವೆ ತಡವಾದ ವರನೆಂದು ಇಣುಕಿ ನೋಡಿದರು.

"ನಿಮ್ಮ ಮಾತು ಉಳೀಲಿ ಅಂತ ನನ್ನ ಮಾತು ಮುರೀಬೇಕಾ ಭಾವ?"

"ನೀನು ಕೊಟ್ಟಿದ್ದು ಫೋನ್ ಮಾತು. ನಾನು ಕೊಟ್ಟಿರೋದು ಕೈ."

"ಕೈಗೂ ಫೋನಿಗೂ ಏನು ವ್ಯತ್ಯಾಸ?"

"ಫೋನ್ ಇಟ್ಟ ಮೇಲೆ ಅವನು ಎಲ್ಲೋ ನೀನು ಎಲ್ಲೋ. ಕೈ ಅಂಗಲ್ಲ. ತೊಳೆದ್ರೂ ಓಗಲ್ಲ. ಕೆ.ಜಿ.ಗೆ ಆರು ರೂಪಾಯಿ ಜಾಸ್ತಿ ಬತ್ತದಲ್ಲ, ಬಾಯಿ ಮುಚ್ಕೊಂಡು ಓಡ್ಸು."

ಅಶ್ವತ್ಥ ಬಾಯಿ ಮುಚ್ಚಿಕೊಂಡ. ಆರು ರೂಪಾಯಿ ಎಲ್ಲರ ಬಾಯನ್ನೂ ಮುಚ್ಚಿಸುತ್ತದೆ.

ಹೊಸಕೋಟೆ ದಾಟಿ ಒಂದು ಡಾಬಾದ ಮುಂದೆ ಲಾರಿ ಸಿಕ್ಕಿತು. ಡ್ರೈವರ್ ಪಿಳ್ಳಣ್ಣ ಮುದ್ದೆ ಮುರಿಯುತ್ತಿದ್ದ. ವಾಪಸ್ ತಿರುಗಿಸು ಎಂದರೆ ಅವನು ತಲೆ ಎತ್ತಲೂ ಇಲ್ಲ.

"ಚೆನ್ನೈನವ್ರು ಏಳ್ಲಿ. ತಿರುಗಿಸ್ತೀನಿ."

ಚೆನ್ನೈನವರಿಗೆ ಅಶ್ವತ್ಥ ಫೋನು ಹಚ್ಚಿದ. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಆ ಮನುಷ್ಯ ಹೇಳಿದ್ದರ ಸಾರಾಂಶ ಇಷ್ಟು: ಹತ್ತು ವರ್ಷದ ವ್ಯವಹಾರ ಇವತ್ತಿಗೆ ಮುಗಿಯಿತು, ಮಾಲು ನೀನೇ ಇಟ್ಟುಕೊಂಡು ದಿನಾ ಪೂಜೆ ಮಾಡು. ಅಶ್ವತ್ಥನ ಕಿವಿ ಗುಲಾಬಿ ಈರುಳ್ಳಿಯ ಬಣ್ಣಕ್ಕೆ ತಿರುಗಿತು.

ಲಾರಿ ತಿರುಗುತ್ತಿದ್ದಂತೆ ಯೋಗಾನಂದನ ಫೋನು. "ಆಂಜಿನಪ್ಪನೋರೇ, ಆ ಈಜಿಪ್ಟ್ ಸಾಹೇಬ್ರು ನಿಮ್ಮನೆ ವಿಳಾಸ ಕೇಳಿ ತಲೆ ತಿಂತಿದ್ದಾರೆ. ನಾಳೆ ಬೆಳಗ್ಗೆ ಅವರ ವಿಮಾನ. ಸಂಜೆ ಐದಕ್ಕೆ ಕಳಿಸ್ಲಾ?"

"ಕಳ್ಸಿ, ಕಳ್ಸಿ," ಎಂದ ಮುನಿಆಂಜಿನಪ್ಪ. ಆಮೇಲೆ ಅಶ್ವತ್ಥನ ಕಡೆ ತಿರುಗಿ, "ಮಾಲು ನೋಡೋಕೆ ಬತ್ತಾವ್ರೆ. ಲಾರಿ ಮನೆ ಮುಂದಕ್ಕೇ ಬಿಡ್ಸು," ಎಂದ.

"ನಿಮ್ ಬೀದಿಗೆ ಎತ್ತಿನ ಗಾಡಿ ಬಂದ್ರೇ ಎಚ್ಚು, ಭಾವ."

"ಅಷ್ಟು ದೂರದಿಂದ ಬಂದೋರ್ನ ಮಾಲು ನೋಡೋಕೆ ಬೀದಿ ಬೀದಿ ಸುತ್ತಿಸ್ತೀಯಾ?"

ಭಾಷೆಗೆ ಒಬ್ಬರು ಬೇಕಿತ್ತು. ಆರ್.ಟಿ. ನಗರದ ಹಬೀಬುಲ್ಲಾನಿಗೆ ಹೇಳಿ ಕಳಿಸಿದ. ಯಾರ್ಡಿನಲ್ಲಿ ಹಮಾಲರ ಮೇಸ್ತ್ರಿಯಾಗಿದ್ದವನು. ಅದಕ್ಕೂ ಮೊದಲು ಹನ್ನೆರಡು ವರ್ಷ ಜೆಡ್ಡಾದಲ್ಲಿದ್ದು ಅರಬ್ಬಿ ಭಾಷೆಯನ್ನು ಮನೆಮಾತಿನ ಹಾಗೆ ಕಲಿತಿದ್ದ.

ಅಷ್ಟರಲ್ಲಿ ಮುನಿಗಂಗಮ್ಮನಿಂದ ಪದ್ಮಶ್ರೀಗೆ, ಪದ್ಮಶ್ರೀಯಿಂದ ಗುಂಪಿಗೆ ಸುದ್ದಿ ಹೋಗಿ, 'ಈಜಿಪ್ಟ್ ದೇಶದ ಗಣ್ಯರು ಇಂದು ಸಂಜೆ ನಮ್ಮ ಬೀದಿಗೆ' ಎಂದಾಗಿತ್ತು. ಬೀದಿ ಗುಡಿಸಿದರು. ಕುರ್ಚಿ ಬಂದವು. ಪದ್ಮಶ್ರೀ ಫೋನು ನೋಡಿಕೊಂಡು ಈಜಿಪ್ಟಿನ ಬಾವುಟವನ್ನೇ ರಂಗೋಲಿಯಲ್ಲಿ ಬಿಡಿಸಿದ್ದಳು. ಕೆಂಪು, ಬಿಳಿ, ಕಪ್ಪು, ನಡುವೆ ಹದ್ದು. ಹದ್ದು ಸ್ವಲ್ಪ ಕೋಳಿಯ ಹಾಗೆ ಬಂದಿತ್ತು. ಈಜಿಪ್ಟಿನವರು ತಪ್ಪು ತಿಳಿಯದಿರಲಿ ಎಂದು ಪಕ್ಕದಲ್ಲಿ 'ಹದ್ದು' ಎಂದು ಕನ್ನಡದಲ್ಲಿ ಬರೆದಿದ್ದಳು.

ನಾಲ್ಕೂವರೆಗೆ ಲಾರಿ ಬೀದಿಗೆ ನುಗ್ಗಿತು. ಹತ್ತು ಚಕ್ರದ ಲಾರಿ, ಒಂಬತ್ತು ಅಡಿಯ ಬೀದಿ. ಮುಂದೆ ಪದ್ಮಶ್ರೀಯ ಕಾಂಪೌಂಡು, ಹಿಂದೆ ಕರೆಂಟ್ ಕಂಬ, ನಡುವೆ ಲಾರಿ ಬಾಟಲಿಗೆ ಬಿರಡೆ ಹಾಕಿದ ಹಾಗೆ ಕೂತುಬಿಟ್ಟಿತು. ಮುಂದಿನ ಚಕ್ರ ಹದ್ದಿನ ಮೇಲೇ ನಿಂತಿತು. ಮೇಲಿನ ಮೂಟೆಗಳಿಗೆ ಸಿಕ್ಕಿಕೊಂಡ ಕೇಬಲ್ಲುಗಳು ಒಂದಾದ ಮೇಲೊಂದು ವೀಣೆಯ ತಂತಿಯ ಹಾಗೆ ಕಿತ್ತು ಬಿದ್ದವು.

ಎದುರು ಮನೆಯ ಪುನೀತ್ ಮೇಲೆ ಇಸ್ತ್ರಿ ಅಂಗಿ, ಕೆಳಗೆ ಚಡ್ಡಿಯಲ್ಲಿ ಓಡಿ ಬಂದ. "ಅಂಕಲ್, ಜರ್ಮನಿಯವ್ರ ಜೊತೆ ಮೀಟಿಂಗಲ್ಲಿದ್ದೆ. ಅರ್ಧ ಮಾತಲ್ಲಿ ನೆಟ್ ಹೋಯ್ತು. ಅವ್ರು ನಾನೇ ಕೋಪ ಮಾಡ್ಕೊಂಡು ಎದ್ದೋದೆ ಅನ್ಕೊಂಡಿರ್ತಾರೆ."

"ಏಳಪ್ಪ ಅವರ್ಗೆ, ಈಜಿಪ್ಟಿನೋರು ಬಂದವ್ರೆ ಅಂತ," ಎಂದ ಮುನಿಆಂಜಿನಪ್ಪ. "ಒಬ್ಬರಾದ ಮೇಲೆ ಒಬ್ಬರು."

ಪದ್ಮಶ್ರೀ ಹದ್ದಿನ ಗತಿ ನೋಡಿ ಅಳುವಂತಾದಳು. "ನಿಮ್ಮ ಸನ್ಮಾನಕ್ಕೆ ಅಂತ ಒಂದು ಗಂಟೆ ಬಗ್ಗಿ ಹಾಕಿದ್ದು, ಆಂಜಿನಪ್ಪನೋರೇ."

"ಲಾರಿ ತೆಗೆದ ಮೇಲೆ ಕಾಣ್ತದೆ ಕಣಮ್ಮ."

"ಲಾರಿ ತೆಗೆಯೋದು ಯಾರು?"

ಪಿಳ್ಳಣ್ಣ ಬಾಗಿಲು ತೆರೆಯಲು ಜಾಗವಿಲ್ಲದೆ ಕಿಟಕಿಯಿಂದ ಇಳಿದು, ಮುನಿಗಂಗಮ್ಮನ ಹತ್ತಿರ ನೀರು ಕೇಳುತ್ತಿದ್ದ. ಅವಳು ಉಪ್ಪಿಟ್ಟು ಕೆದಕುತ್ತಿದ್ದಳು. ಬಾಗಿಲ ಮುಂದೆ ಹದಿನೈದು ಟನ್ ಈರುಳ್ಳಿ, ಉಪ್ಪಿಟ್ಟಿನಲ್ಲಿ ಒಂದು ಚೂರೂ ಇಲ್ಲ. ಊಟದ ಈರುಳ್ಳಿಗೆ ಎಪ್ಪತ್ತು ಕೊಡುವುದಿಲ್ಲವೆಂದು ಅವಳು ಬಿಟ್ಟು ತಿಂಗಳಾಗಿತ್ತು. ಅವರೆಕಾಳು ಹಾಕಿ ಸುಮ್ಮನಾಗಿದ್ದಳು.

ಐದು ಗಂಟೆಗೆ ಸರಿಯಾಗಿ ಬೀದಿಯ ತುದಿಯಲ್ಲಿ ಶಾಬಾನ್ ಸಾಹೇಬರು ಕಾಣಿಸಿದರು. ಜೊತೆಗೆ ಯೋಗಾನಂದ, ದಾರಿ ತೋರಿಸುತ್ತಾ ಹಬೀಬುಲ್ಲಾ. ಲಾರಿಯ ಪಕ್ಕದಲ್ಲಿ ಮನುಷ್ಯ ಅಡ್ಡಡ್ಡ ನಡೆದರೆ ಮಾತ್ರ ದಾರಿ. ಸಾಹೇಬರ ಹೊಟ್ಟೆಗೆ ಅದೂ ಇರಲಿಲ್ಲ. ಹಬೀಬುಲ್ಲಾ ಹಿಂದಿನಿಂದ, ಅಶ್ವತ್ಥ ಮುಂದಿನಿಂದ ಹಿಡಿದು ಅವರನ್ನು ಈಚೆಗೆ ಎಳೆದುಕೊಂಡರು. ಕೋಟಿನ ಎರಡು ಗುಂಡಿ ಲಾರಿಯ ಆಚೆಯೇ ಉಳಿದವು.

ಸಾಹೇಬರು ಬೇಸರಪಡಲಿಲ್ಲ. ಮುನಿಆಂಜಿನಪ್ಪನನ್ನು ಬಾಚಿ ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಮುನಿಗಂಗಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಬೀದಿಯೆಲ್ಲ ಚಪ್ಪಾಳೆ ಹೊಡೆಯಿತು. ಮುನಿಆಂಜಿನಪ್ಪನ ಎದೆ ಪೇಟಕ್ಕಿಂತ ಮೇಲೆ ಬಂತು.

"ಇವ್ರ ತಾತ ಕುರಿ ವ್ಯಾಪಾರ ಮಾಡ್ತಿದ್ರಂತೆ ಅಣ್ಣ," ಎಂದು ಹಬೀಬುಲ್ಲಾ ಬಿಡಿಸಿ ಹೇಳಿದ. "ನಿಲುವಂಗಿ ತೋಳೊಳಗೆ ಕೈ ಸೇರಿಸಿ. ತಾತ ಸತ್ತ ಮೇಲೆ ಆ ಭಾಷೆ ಆಡೋರು ಯಾರೂ ಸಿಕ್ಕಿರ್ಲಿಲ್ವಂತೆ. ಇವತ್ತು ನಿಮ್ಮ ಕೈ ಸಿಕ್ತು, ತಾತನೇ ಎದ್ದು ಬಂದಂಗಾಯ್ತು ಅಂತವ್ರೆ."

"ನಮ್ಮ ಯಾರ್ಡಲ್ಲೂ ಅಂಗೇ ಇತ್ತು ಅಂತೇಳು. ಬೆರಳು ಎಲ್ಲ ದೇಶದಲ್ಲೂ ಐದೇ ಅಂತೇಳು."

ಸಾಹೇಬರು ತಲೆದೂಗಿ ಲಾರಿಯ ಹತ್ತಿರ ಹೋದರು. ಒಂದು ಮೂಟೆಯ ಬಲೆಯೊಳಗೆ ಬೆರಳು ತೂರಿಸಿ ಒಂದು ಈರುಳ್ಳಿ ಕಿತ್ತು, ಸಿಪ್ಪೆ ಉಜ್ಜಿ ಮೂಸಿದರು. ಕಣ್ಣಲ್ಲಿ ನೀರು ಬಂತು. ಬಹಳ ಮೆಚ್ಚಿ ಏನೋ ಹೇಳಿದರು.

"ಒಳ್ಳೇ ಮಾಲು ಅಂತವ್ರೆ. ಯಾರಿಗೆ ಕಳಿಸ್ತಾ ಇದೀರ ಅಂತ ಕೇಳ್ತವ್ರೆ."

ಮುನಿಆಂಜಿನಪ್ಪ ನಕ್ಕ. ದೊಡ್ಡ ವ್ಯಾಪಾರಸ್ಥರ ತಮಾಷೆ ಹೀಗೇ ಇರುತ್ತದೆ. "ನಿಮಗೇ ಅಂತೇಳು."

ಹಬೀಬುಲ್ಲಾ ಹೇಳಿದ. ಸಾಹೇಬರು ನಗಲಿಲ್ಲ. ಲಾರಿ ನೋಡಿದರು, ಮುನಿಆಂಜಿನಪ್ಪನನ್ನು ನೋಡಿದರು, ಮತ್ತೆ ಲಾರಿ ನೋಡಿದರು. ಆಮೇಲೆ ನಿಧಾನವಾಗಿ ನಾಲ್ಕು ಮಾತು ಆಡಿದರು. ಹಬೀಬುಲ್ಲಾ ಕೇಳಿಸಿಕೊಂಡು, ಟೋಪಿ ತೆಗೆದು, ತಲೆ ಕೆರೆದು, ಮತ್ತೆ ಟೋಪಿ ಹಾಕಿಕೊಂಡ.

"ಏನಂತೆ?" ಎಂದ ಅಶ್ವತ್ಥ.

"ಅಣ್ಣ, ಇವ್ರು ಕೊಳ್ಳೋಕೆ ಬಂದಿಲ್ಲ. ಮಾರೋಕೆ ಬಂದವ್ರೆ. ಇವ್ರ ಊರಲ್ಲಿ ದೊಡ್ಡ ಈರುಳ್ಳಿ ಬೆಟ್ಟದಂಗೆ ಬಿದ್ದದಂತೆ. ಇಲ್ಲಿ ಎಪ್ಪತ್ತು ರೂಪಾಯಿ ಅಂತ ಕೇಳಿ, ಇಳಿಸೋಣ ಅಂತ ಬಂದವ್ರೆ. ಮೂರು ದಿನದಿಂದ ಯಾರೂ ಮಾತೇ ಆಡಿಸ್ಲಿಲ್ಲವಂತೆ. ನೀವು ಒಂದು ಕಂಟೈನರ್ ತಗೊಂಡ್ರಿ."

ಒಳಗೆ ಒಲೆಯ ಮೇಲೆ ಉಪ್ಪಿಟ್ಟು ತಳ ಹಿಡಿಯುವ ವಾಸನೆ ಬಂತು. ಯಾರೂ ಅದರ ಕಡೆ ಹೋಗಲಿಲ್ಲ.

"ಅದ್ಯಾಕೆ ಬೆಲೆ ಏರಿಸಿದ್ರಂತೆ?" ಎಂದ ಮುನಿಆಂಜಿನಪ್ಪ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ಹಬೀಬುಲ್ಲಾ ಕೇಳಿ ಹೇಳಿದ. "ಅದನ್ನೇ ಅವ್ರೂ ಕೇಳ್ತಾವ್ರೆ ಅಣ್ಣ. ನಾನು ಮೂವತ್ತು ಅಂದೆ, ಕೊಳ್ಳೋರು ಮೂವತ್ತೆರಡು ಅಂದ್ರು, ನಾನು ಮೂವತ್ನಾಲ್ಕು ಅಂದ್ರೆ ಅವ್ರು ಮೂವತ್ತೈದು ಅಂದ್ರು, ಎಂಥಾ ದೊಡ್ಡ ಮನಸ್ಸು, ಅದ್ಕೇ ಕೈ ಮುಗಿದು ಹೋಗೋಣ ಅಂತ ಮನೆ ಹುಡುಕ್ಕೊಂಡು ಬಂದೆ ಅಂತವ್ರೆ."

ಅಶ್ವತ್ಥ ಲಾರಿಯ ಚಕ್ರಕ್ಕೆ ಒರಗಿ ಕೂತುಬಿಟ್ಟ. "ಮಾರಿದೀನಿ ಅಂದ್ರಿ ಭಾವ. ಕೊಂಡ್ಬಿಟ್ಟಿದ್ದೀರಲ್ಲ."

ಸಾಹೇಬರಿಗೆ ಕನ್ನಡ ಬಾರದಿದ್ದರೂ ಮುಖ ಓದಲು ಬರುತ್ತಿತ್ತು. ಮುನಿಆಂಜಿನಪ್ಪನ ಎರಡೂ ಕೈ ಹಿಡಿದುಕೊಂಡು ಮೆಲ್ಲಗೆ ಏನೋ ಹೇಳಿದರು.

"ತಪ್ಪು ಇಬ್ರದ್ದೂ ಸರಿಸಮ ಅಂತವ್ರೆ. ಬೇಡ ಅಂದ್ರೆ ಬಿಟ್ಬಿಡೋಣ, ಶಾಲಿನ ಕೆಳಗೆ ಆದದ್ದು ಇಬ್ರಿಗೇ ಗೊತ್ತು, ನಾನೂ ಯಾರಿಗೂ ಹೇಳಲ್ಲ ಅಂತವ್ರೆ."

ಆ ಮಾತು ಕೇಳಿ ಅಶ್ವತ್ಥ ಎದ್ದು ನಿಂತ. "ಬುಡಿ ಭಾವ, ಬ್ಯಾಡ ಅಂದ್ಬುಡಿ. ಅವರೇ ಏಳ್ತಾವ್ರೆ."

"ಹೌದು, ಬೇಡ ಅಂದ್ಬಿಡಿ ಆಂಜಿನಪ್ಪನೋರೇ," ಎಂದಳು ಪದ್ಮಶ್ರೀ. "ಗುಂಪಲ್ಲಿ ನಾನೂ ಏನೂ ಹಾಕಲ್ಲ." ಅವಳ ಬಾಯಿಂದ ಅಂಥ ಮಾತು ಬಂದದ್ದೇ ಒಂದು ಚರಿತ್ರೆ.

ಮುನಿಆಂಜಿನಪ್ಪ ಹೆಂಡತಿಯ ಕಡೆ ನೋಡಿದ. ಮುನಿಗಂಗಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನನ್ನನ್ನೇನು ನೋಡ್ತೀರಿ," ಎಂದಳು. "ನಲವತ್ತೊಂದು ವರ್ಷ ನನ್ನ ಕೇಳಿ ಕೈ ಕೊಟ್ರಾ?"

ಅವನು ತನ್ನ ಬಲಗೈ ನೋಡಿಕೊಂಡ. ಅವರೆಕಾಯಿಯ ಸೊಗಡು ಇನ್ನೂ ಹೋಗಿರಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಹೇಳಿದ.

"ಅಬೀಬಣ್ಣ, ಅವರಿಗೇಳು. ಯಶವಂತಪುರದ ಮುನಿಆಂಜಿನಪ್ಪ ಕೈ ಕೊಟ್ಟವ್ನೆ. ಕೊಳ್ಳೋದಕ್ಕೆ ಅಂತ ಕೊಟ್ನೋ, ಮಾರೋದಕ್ಕೆ ಅಂತ ಕೊಟ್ನೋ, ಅದು ನಂಗೆ ಬಿಟ್ಟಿದ್ದು. ಕೈ ಕೊಟ್ಟಿದ್ದು ನಿಜ. ಕಂಟೈನರ್ ಬರ್ಲಿ."

ಹಬೀಬುಲ್ಲಾ ಅದನ್ನು ಅರಬ್ಬಿಯಲ್ಲಿ ಹೇಳುವಾಗ ಅವನ ದನಿಯೂ ಸ್ವಲ್ಪ ಏರಿತು. ಶಾಬಾನ್ ಸಾಹೇಬರು ಮುನಿಆಂಜಿನಪ್ಪನ ಬಲಗೈ ಎತ್ತಿ ಕಣ್ಣಿಗೊತ್ತಿಕೊಂಡರು. ಬೀದಿಯ ಜನ ಈ ಸಲ ಚಪ್ಪಾಳೆ ಹೊಡೆಯಲಿಲ್ಲ, ಕುರ್ಚಿ ಬಿಟ್ಟು ಎದ್ದು ನಿಂತರು. ಪುನೀತ್ ಕೂಡ ಚಡ್ಡಿಯಲ್ಲೇ ನೆಟ್ಟಗೆ ನಿಂತಿದ್ದ.

ಎಲ್ಲರಿಗಿಂತ ಖುಷಿಯಾದವನು ಯೋಗಾನಂದ. ಮೂರು ದಿನ, ಮೂರು ಖಂಡ, ಇಷ್ಟು ಖರ್ಚು, ಕೊನೆಗೆ ತೋರಿಸಲು ಒಂದಾದರೂ ವ್ಯಾಪಾರ ಸಿಕ್ಕಿತು. ಅಲ್ಲೇ ನಿಂತು ಪತ್ರಿಕೆಯವರಿಗೆ ಫೋನು ಮಾಡಿದ. ರಫ್ತು ಮೇಳದಲ್ಲಿ ಆದ ಒಂದೇ ಒಂದು ಒಪ್ಪಂದ ಆಮದಿನದು ಎಂಬುದನ್ನು ಅವನು ಹೇಳಲಿಲ್ಲ. ಪತ್ರಿಕೆಯವರೂ ಕೇಳಲಿಲ್ಲ. ಮಾರನೆಯ ದಿನ ಶಾಲಿನ ಪಟ ಅಚ್ಚಾಗಿ ಬಂತು. ಮುನಿಗಂಗಮ್ಮ ಅದನ್ನು ಕತ್ತರಿಸಿ ದೇವರ ಗೂಡಿನ ಪಕ್ಕದಲ್ಲಿ ಅಂಟಿಸಿದಳು. ಬಂದವರೆಲ್ಲ ನೋಡುವ ಎತ್ತರದಲ್ಲಿ.

ಮುಂದಿನದು ಹೇಳುವುದಕ್ಕೆ ಹೆಚ್ಚಿಲ್ಲ. ಶಾಬಾನ್ ಸಾಹೇಬರು ಗುರುವಾರ ಬೆಳಗಿನ ವಿಮಾನಕ್ಕೆ ಹೊರಟರು. ಲಾರಿ ಶುಕ್ರವಾರ ಹೊರಟಿತು, ಕರೆಂಟಿನವರು ಬಂದು ತಂತಿ ಬಿಚ್ಚಿ, ಪದ್ಮಶ್ರೀಯ ಕಾಂಪೌಂಡಿನ ನಾಲ್ಕು ಇಟ್ಟಿಗೆ ಕಿತ್ತ ಮೇಲೆ. ಅದರ ಹಿಂದೆಯೇ ಅಶ್ವತ್ಥ ಹೊರಟ, ಚೆನ್ನೈನವರ ಕಾಲು ಹಿಡಿದು ಇಪ್ಪತ್ತಾರಕ್ಕಾದರೂ ಒಪ್ಪಿಸುವುದಕ್ಕೆ. ಭಾವನ ಜೊತೆ ಮಾತಾಡದೆಯೇ ಹೊರಟ. ಶನಿವಾರ ಮುನಿಆಂಜಿನಪ್ಪ ಯಶವಂತಪುರದ ಯಾರ್ಡಿಗೆ ಹೋಗಿ, ಬರುವ ಮಾಲಿಗೆ ಗಿರಾಕಿ ಹುಡುಕುತ್ತಾ ಮಂಡಿ ಮಂಡಿ ತಿರುಗಿದ. ಎಲ್ಲರೂ ಎದ್ದು ನಿಂತು ಕುರ್ಚಿ ಕೊಟ್ಟರು, ಪೇಪರಿನಲ್ಲಿ ನೋಡಿದೆವು ಎಂದರು, ಟೀ ತರಿಸಿದರು. ಮಹಾರಾಷ್ಟ್ರದ ಹೊಸ ಈರುಳ್ಳಿ ಆ ಬೆಳಗ್ಗೆಯೇ ಬಂದು ಇಳಿದಿತ್ತು. ದೊಡ್ಡ ಈರುಳ್ಳಿಯ ಬೆಲೆ ಇಪ್ಪತ್ತೆಂಟಕ್ಕೆ ಬಿದ್ದಿತ್ತು.

ಅಲೆಕ್ಸಾಂಡ್ರಿಯಾ ಬಂದರಿನಿಂದ ಕಂಟೈನರು ಸೋಮವಾರ ಹೊರಟಿತು.